ತಂತಿ ಕಡಿದರೂ ನಿಲ್ಲದ ಕೂಗು

ಮನುಷ್ಯನು ತನ್ನದೆಂಬ ಸೊತ್ತನ್ನು ಕೂಡಿಡಲು ಕಲಿತ ದಿನವೇ ಅದನ್ನು ಕಾಯುವ ಚಿಂತೆಯೂ ಅವನ ಬೆನ್ನು ಹತ್ತಿತು. ಹೊಲದ ನಡುವೆ ಅಟ್ಟಣೆ ಕಟ್ಟಿ ಬೆಳೆಯನ್ನು ಕಾದನು. ಕಣದ ರಾಶಿಯ ಬದಿಯಲ್ಲಿ ಕಂಬಳಿ ಹೊದ್ದು ಮಲಗಿದನು. ಮನೆಗೆ ದಪ್ಪ ಗೋಡೆಯನ್ನೂ ಅಗಳಿ ಹಾಕುವ ಬಾಗಿಲನ್ನೂ ಮಾಡಿದನು. ಊರು ಬೆಳೆದಂತೆ ಊರಿಗೊಬ್ಬ ಕಾವಲುಗಾರನು ಬೇಕಾದನು. ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ಹಳ್ಳಿಗಳಲ್ಲಿ ತಳವಾರ, ವಾಲಿಕಾರ ಎಂಬ ಮಾತುಗಳು ಇಂದಿಗೂ ಮನೆತನಗಳ ಹೆಸರಾಗಿ ಉಳಿದಿವೆ. ಅವು ಒಂದು ಕಾಲದಲ್ಲಿ ಊರಿನ ನಿದ್ದೆಯನ್ನು ಕಾಯುತ್ತಿದ್ದವರ ಹೆಸರುಗಳು.

ರಾತ್ರಿಯ ಗಸ್ತು ತಿರುಗುವವನು ಸುಮ್ಮನೆ ತಿರುಗುತ್ತಿರಲಿಲ್ಲ. ಓಣಿಯ ತಿರುವಿನಲ್ಲಿ ಕೋಲನ್ನು ನೆಲಕ್ಕೆ ಕುಟ್ಟಿ ಗಟ್ಟಿಯಾಗಿ ಕೂಗುತ್ತಿದ್ದನು. ಆ ಕೂಗು ಕಳ್ಳನಿಗೆ, ಊರು ಎಚ್ಚರವಾಗಿದೆ ಎಂದು ತಿಳಿಸುತ್ತಿತ್ತು. ಮಲಗಿದವರಿಗೆ, ಎಲ್ಲವೂ ಕ್ಷೇಮವಾಗಿದೆ ಎಂದು ಧೈರ್ಯ ಹೇಳುತ್ತಿತ್ತು. ಅದರಲ್ಲಿ ಇನ್ನೂ ಒಂದು ಅರ್ಥವಿತ್ತು. ದಿನವೂ ಕೇಳುವ ಹೊತ್ತಿಗೆ ಆ ಕೂಗು ಕೇಳದೆ ಹೋದರೆ, ನಿದ್ದೆ ಬಾರದೆ ಹೊರಳುತ್ತಿದ್ದ ಮನೆಯ ಹಿರಿಯರು ಎದ್ದು ಕುಳಿತುಕೊಳ್ಳುತ್ತಿದ್ದರು. ಏನೋ ಆಗಿರಬೇಕು ಎಂದು ದೀಪ ಹಚ್ಚುತ್ತಿದ್ದರು. ಹೀಗೆ ಕೂಗು ಹೇಗೆ ಸುದ್ದಿಯೋ ಹಾಗೆ ಮೌನವೂ ಒಂದು ಸುದ್ದಿಯಾಗಿತ್ತು. ಇಂದು ಮನೆ ಮತ್ತು ಅಂಗಡಿಗಳನ್ನು ಕಾಯುವ ಅತ್ಯಂತ ಸೂಕ್ಷ್ಮವಾದ ಯಂತ್ರಗಳು ನಿಂತಿರುವುದು ಇದೇ ತತ್ತ್ವದ ಮೇಲೆ.

ಯಂತ್ರವು ಕಾವಲಿನ ಕೆಲಸಕ್ಕೆ ಬಂದುದು ಹತ್ತೊಂಬತ್ತನೆಯ ಶತಮಾನದಲ್ಲಿ. ಅಮೆರಿಕದ ಬಾಸ್ಟನ್ ನಗರದ ಸಮೀಪದಲ್ಲಿದ್ದ ಆಗಸ್ಟಸ್ ರಸೆಲ್ ಪೋಪ್ ಎಂಬವರು 1853ರಲ್ಲಿ ವಿದ್ಯುತ್ತಿನಿಂದ ಬಾರಿಸುವ ಕಳ್ಳರ ಎಚ್ಚರಿಕೆ ಗಂಟೆಗೆ ಹಕ್ಕುಪತ್ರ ಪಡೆದರು. ಅದರ ರಚನೆ ಸರಳವಾದುದು. ಬಾಗಿಲು ಕಿಟಕಿಗಳಿಗೆ ತಂತಿಯನ್ನು ಜೋಡಿಸಿ, ಅವು ತೆರೆದ ಕೂಡಲೆ ವಿದ್ಯುತ್ ಮಂಡಲ ಕೂಡಿಕೊಳ್ಳುವಂತೆ ಮಾಡಲಾಗಿತ್ತು. ಮಂಡಲದಲ್ಲಿ ವಿದ್ಯುತ್ತು ಹರಿದೊಡನೆ ವಿದ್ಯುತ್ಕಾಂತವೊಂದು ಸಣ್ಣ ಸುತ್ತಿಗೆಯನ್ನು ಸೆಳೆದು ಗಂಟೆಯನ್ನು ಬಾರಿಸುತ್ತಿತ್ತು. 1857ರಲ್ಲಿ ಎಡ್ವಿನ್ ಹೋಮ್ಸ್ ಎಂಬ ವ್ಯಾಪಾರಿಯು ಇದರ ಹಕ್ಕನ್ನು ಕೊಂಡುಕೊಂಡನು. ಮುಂದೆ ನ್ಯೂಯಾರ್ಕ್ ನಗರದಲ್ಲಿ ಅನೇಕ ಮನೆ ಮತ್ತು ಅಂಗಡಿಗಳ ತಂತಿಗಳನ್ನು ಒಂದೇ ಕಚೇರಿಗೆ ತಂದು, ಅಲ್ಲಿ ಹಗಲಿರುಳು ಜನರನ್ನು ಕೂರಿಸಿ ನೋಡಿಕೊಳ್ಳುವ ಏರ್ಪಾಡನ್ನು ಅವನು ಬೆಳೆಸಿದನು. ದೂರವಾಣಿ ಬಂದ ಹೊಸತರಲ್ಲಿ, 1877ರಲ್ಲಿ, ಬಾಸ್ಟನ್ನಿನಲ್ಲಿ ಇದೇ ತಂತಿಗಳ ಮೇಲೆ ಹಗಲು ಹೊತ್ತು ಮಾತನ್ನೂ ರಾತ್ರಿ ಹೊತ್ತು ಎಚ್ಚರಿಕೆಯನ್ನೂ ಕಳುಹಿಸಿದ್ದುಂಟು.

ಎಚ್ಚರಿಕೆಯನ್ನು ದೂರದ ಕಚೇರಿಗೆ ಏಕೆ ಕಳುಹಿಸಬೇಕು? ಸ್ಥಳದಲ್ಲಿಯೇ ಗಂಟೆ ಬಾರಿಸಿದರೆ ಸಾಲದೆ? ಗೋಕಾಕ ಪಟ್ಟಣದಿಂದ ಸುಮಾರು 6 ಕಿಲೋಮೀಟರ್ ದೂರದಲ್ಲಿ ಘಟಪ್ರಭಾ ನದಿಯು 52 ಮೀಟರ್ ಎತ್ತರದಿಂದ ಧುಮುಕುತ್ತದೆ. ಮಳೆಗಾಲದಲ್ಲಿ ಆ ಜಲಪಾತದ ಬದಿಯಲ್ಲಿ ನಿಂತವರಿಗೆ ಪಕ್ಕದವರ ಮಾತೇ ಕೇಳಿಸುವುದಿಲ್ಲ. ಅಲ್ಲಿ ಗಂಟೆ ಬಾರಿಸಿದರೆ ಫಲವೇನು? ಜಲಪಾತವಿಲ್ಲದ ಊರಿನಲ್ಲಿಯೂ ಇದೇ ಕಷ್ಟ ಬೇರೆ ರೂಪದಲ್ಲಿ ಇದ್ದೇ ಇದೆ. ಪೇಟೆಯ ಅಂಗಡಿಗಳ ಸಾಲಿನಲ್ಲಿ ರಾತ್ರಿ ಯಾರೂ ವಾಸಿಸುವುದಿಲ್ಲ. ಹೊಲದ ನಡುವಿನ ಒಂಟಿ ಮನೆಯ ಗಂಟೆ ಹೊಲವನ್ನೇ ದಾಟುವುದಿಲ್ಲ. ಆದುದರಿಂದ ಗಂಟೆಯ ದನಿಯು ಕೇಳುವ ಕಿವಿಯಿರುವ ಕಡೆಗೆ ತಾನೇ ಹೋಗಬೇಕು. ತಂತಿಯು ಆ ಕೆಲಸವನ್ನು ಮಾಡಿತು.

ಆದರೆ ತಂತಿಗೆ ಒಂದು ದೊಡ್ಡ ದೋಷವಿದೆ. ಅದು ಕಣ್ಣಿಗೆ ಕಾಣುತ್ತದೆ. ಗೋಡೆಯ ಹೊರಗೆ ಕೈಗೆ ಎಟಕುತ್ತದೆ. ಪೋಪ್‌ ಅವರ ಗಂಟೆಯು ಮಂಡಲ ಕೂಡಿದಾಗ ಮಾತ್ರ ಬಾರಿಸುವಂಥದು. ಕಳ್ಳನು ಬಾಗಿಲನ್ನು ಮುಟ್ಟುವ ಮೊದಲೇ ತಂತಿಯನ್ನು ಕತ್ತರಿಸಿದರೆ ಮಂಡಲ ಎಂದಿಗೂ ಕೂಡುವುದಿಲ್ಲ. ಗಂಟೆ ಎಂದಿಗೂ ಬಾರಿಸುವುದಿಲ್ಲ. ಯಜಮಾನನು ಮಾತ್ರ, ಗಂಟೆ ಬಾರಿಸಲಿಲ್ಲವಾದ್ದರಿಂದ ಎಲ್ಲವೂ ಕ್ಷೇಮವೆಂದು ನಂಬಿ ನಿದ್ದೆ ಮಾಡುತ್ತಿರುತ್ತಾನೆ. ಕಾವಲೇ ಇಲ್ಲದ ಮನೆಗಿಂತ, ಕಾವಲು ಇದೆಯೆಂದು ನಂಬಿ ಮೋಸ ಹೋಗುವ ಮನೆಯ ಅಪಾಯವೇ ಹೆಚ್ಚಿನದು.

ಈ ಮಾತು ಬರಿಯ ಊಹೆಯಲ್ಲ. 2024ರ ಅಕ್ಟೋಬರ್ ತಿಂಗಳಿನಲ್ಲಿ ದಾವಣಗೆರೆ ಜಿಲ್ಲೆಯ ನ್ಯಾಮತಿ ಪಟ್ಟಣದ ಒಂದು ಬ್ಯಾಂಕ್ ಶಾಖೆಯಲ್ಲಿ ಕಳ್ಳರು ಕಿಟಕಿಯ ಸರಳುಗಳನ್ನು ಮುರಿದು ಒಳಹೊಕ್ಕರು. ಎಚ್ಚರಿಕೆಯ ವ್ಯವಸ್ಥೆಯನ್ನು ನಿಷ್ಕ್ರಿಯಗೊಳಿಸಿದರು. ಕ್ಯಾಮೆರಾಗಳು ಕಂಡುದನ್ನು ದಾಖಲಿಸಿಡುವ ಪೆಟ್ಟಿಗೆಯನ್ನೂ ಹೊತ್ತೊಯ್ದರು. ಗಿರಾಕಿಗಳು ಅಡವಿಟ್ಟಿದ್ದ ಸುಮಾರು 17.7 ಕಿಲೋಗ್ರಾಂ ಚಿನ್ನ ಒಂದೇ ಸಲಕ್ಕೆ ಮಾಯವಾಯಿತು. ಪೊಲೀಸರು ತಿಂಗಳುಗಟ್ಟಲೆ ಶ್ರಮಿಸಿ 2025ರ ಮಾರ್ಚ್ ವೇಳೆಗೆ ಆರೋಪಿಗಳನ್ನು ಹಿಡಿದರು. ತಮಿಳುನಾಡಿನ ಮಧುರೈ ಜಿಲ್ಲೆಯ ಬಾವಿಯೊಂದರಲ್ಲಿ ಅಡಗಿಸಿಟ್ಟಿದ್ದ ಚಿನ್ನವನ್ನು ಮೇಲೆತ್ತಿದರು. ಈ ಪ್ರಕರಣದಲ್ಲಿ ಸೊತ್ತು ಮರಳಿ ದೊರೆತುದು ಭಾಗ್ಯ. ಆದರೆ ಆ ನಡುವಿನ ತಿಂಗಳುಗಳಲ್ಲಿ ಅಡವಿಟ್ಟವರ ಮನೆಗಳಲ್ಲಿ ಎಂತಹ ಕಳವಳವಿದ್ದಿರಬೇಕು ಎಂಬುದನ್ನು ಊಹಿಸಬಹುದು. ಅಡವಿನ ಚಿನ್ನವೆಂದರೆ ಹೆಚ್ಚಾಗಿ ಸಿರಿವಂತರ ಚಿನ್ನವಲ್ಲ. ಬಿತ್ತನೆಗೆ ಬೀಜ ಕೊಳ್ಳಲು, ಮಗನ ಓದಿಗೆ ಶುಲ್ಕ ಕಟ್ಟಲು, ಆಸ್ಪತ್ರೆಯ ಖರ್ಚು ತೂಗಿಸಲು ತಾಯಂದಿರು ಕೊರಳಿನಿಂದ ಬಿಚ್ಚಿಕೊಟ್ಟ ಬೋರಮಾಳ, ಗುಂಡಿನ ಸರಗಳವು. ಅವುಗಳಿಗೆ ತೂಕವಿದೆ, ಬೆಲೆಯಿದೆ. ಬೆಲೆ ಕಟ್ಟಲಾಗದ ನೆನಪೂ ಇದೆ.

ತಂತಿಯ ಈ ದೋಷಕ್ಕೆ ತಂತ್ರಜ್ಞರು ಕಂಡುಕೊಂಡ ಮೊದಲನೆಯ ಪರಿಹಾರ ಬುದ್ಧಿವಂತಿಕೆಯದು. ವಿದ್ಯುತ್ತು ಹರಿದಾಗ ಗಂಟೆ ಬಾರಿಸುವುದರ ಬದಲು, ವಿದ್ಯುತ್ತು ನಿಂತಾಗ ಗಂಟೆ ಬಾರಿಸುವಂತೆ ಅವರು ವ್ಯವಸ್ಥೆಯನ್ನು ತಿರುಗಿಸಿದರು. ತಂತಿಯಲ್ಲಿ ಸದಾ ಒಂದು ಸಣ್ಣ ವಿದ್ಯುತ್ ಪ್ರವಾಹ ಹರಿಯುತ್ತಿರುತ್ತದೆ. ಬಾಗಿಲು ತೆರೆದರೂ ಅದು ನಿಲ್ಲುತ್ತದೆ. ತಂತಿ ಕಡಿದರೂ ನಿಲ್ಲುತ್ತದೆ. ಎರಡರಲ್ಲಿ ಯಾವುದಾದರೂ ಗಂಟೆ ಬಾರಿಸುವುದು ತಪ್ಪುವುದಿಲ್ಲ. ಘಟಪ್ರಭಾ ನಿಲ್ದಾಣವನ್ನು ಹಾದುಹೋಗುವ ರೈಲುಗಳಲ್ಲಿಯೂ ಇದೇ ಬಗೆಯ ಉಪಾಯವಿದೆ. ಬೋಗಿಗಳ ನಡುವಿನ ಗಾಳಿಯ ಕೊಳವೆ ಕಳಚಿಕೊಂಡರೆ ಬ್ರೇಕು ಕೆಡುವುದಿಲ್ಲ. ತಾನಾಗಿಯೇ ಬಿದ್ದು ಗಾಡಿಯನ್ನು ನಿಲ್ಲಿಸುತ್ತದೆ. ಕೆಟ್ಟಾಗಲೂ ಕಾಯುವ ಯಂತ್ರವೇ ನಿಜವಾದ ಕಾವಲಿನ ಯಂತ್ರ.

ಆದರೂ ಇಷ್ಟರಿಂದಲೇ ತೊಂದರೆ ತೀರಲಿಲ್ಲ. ಒಂದು ತಂತಿ ಮೌನವಾದರೆ ದೂರದ ಕಚೇರಿಯಲ್ಲಿ ಕುಳಿತವನಿಗೆ ಮೌನ ಮಾತ್ರ ತಿಳಿಯುತ್ತದೆ. ಅದರ ಕಾರಣ ತಿಳಿಯುವುದಿಲ್ಲ. ಕಳ್ಳನು ಕಡಿದನೆ? ಗಾಳಿಗೆ ಮರ ಬಿದ್ದಿತೆ? ರಸ್ತೆ ಅಗೆಯುವವರ ಹಾರೆ ತಾಗಿತೆ? ಪ್ರತಿಯೊಂದು ಸಲವೂ ಜನರನ್ನು ಓಡಿಸಿದರೆ, ಹತ್ತು ಸಲ ಬರಿಗೈಯಲ್ಲಿ ಹಿಂತಿರುಗಿದವರು ಹನ್ನೊಂದನೆಯ ಸಲ ಕದಲುವುದಿಲ್ಲ. ‘ತೋಳ ಬಂತು ತೋಳ’ ಎಂದು ಸುಳ್ಳು ಕೂಗಿದ ಹುಡುಗನ ಕಥೆಯು ಚಿಕ್ಕ ಮಕ್ಕಳಿಗೂ ಗೊತ್ತು. ಆದುದರಿಂದ ತಂತಿಯ ಜೊತೆಗೆ ಎರಡನೆಯದೊಂದು ದಾರಿ ಬೇಕಾಯಿತು. ಒಂದು ದಾರಿ ಮುಚ್ಚಿದರೆ ಇನ್ನೊಂದು ದಾರಿಯಿಂದ, ‘ತಂತಿ ಕಡಿದಿದೆ, ಹಿಂಬಾಗಿಲು ತೆರೆದಿದೆ’ ಎಂದು ಸ್ಪಷ್ಟವಾಗಿ ಹೇಳಬಲ್ಲ ದಾರಿ. ಕಳ್ಳನ ಕೈಗೆ ಸಿಗದ, ಕಣ್ಣಿಗೆ ಕಾಣದ ದಾರಿ. ಅಂತಹ ದಾರಿಯನ್ನು ಆಕಾಶವೇ ಒದಗಿಸಿತು.

ತಂತಿಯಿಲ್ಲದೆ ಸಂದೇಶ ಸಾಗಬಲ್ಲದೆಂಬುದಕ್ಕೆ ಅಡಿಪಾಯ ಹಾಕಿದವರು ಜರ್ಮನಿಯ ಹೈನ್‌ರಿಕ್ ಹರ್ಟ್ಸ್. 1880ರ ದಶಕದ ಕೊನೆಯಲ್ಲಿ ಅವರು ಪ್ರಯೋಗಶಾಲೆಯಲ್ಲಿ ವಿದ್ಯುತ್ಕಾಂತೀಯ ತರಂಗಗಳನ್ನು ಹುಟ್ಟಿಸಿ ತೋರಿಸಿದರು. ಮುಂದಿನ ಹೆಜ್ಜೆಗಳಲ್ಲಿ ಒಂದು ನಮ್ಮ ದೇಶದಲ್ಲಿಯೇ ಮೂಡಿತು. 1895ರಲ್ಲಿ ಜಗದೀಶಚಂದ್ರ ಬೋಸರು ಕಲ್ಕತ್ತೆಯಲ್ಲಿ ಸಾರ್ವಜನಿಕರ ಎದುರಿಗೆ ಒಂದು ಪ್ರಯೋಗ ಮಾಡಿದರು. ಅವರು ಹೊರಡಿಸಿದ ತರಂಗಗಳು ಗೋಡೆಗಳನ್ನು ದಾಟಿ ಹೋಗಿ, ದೂರದಲ್ಲಿದ್ದ ಗಂಟೆಯೊಂದನ್ನು ಬಾರಿಸಿದವು, ಸಿಡಿಮದ್ದನ್ನು ಸ್ಫೋಟಿಸಿದವು. ನಡುವೆ ಯಾವ ತಂತಿಯೂ ಇರಲಿಲ್ಲ. ಗೋಡೆಯಾಚೆಯ ಗಂಟೆಯನ್ನು ನಿಸ್ತಂತುವಾಗಿ ಬಾರಿಸಿದ ಆ ಪ್ರಯೋಗವನ್ನು ಇಂದಿನ ನಿಸ್ತಂತು ಎಚ್ಚರಿಕೆ ಗಂಟೆಗಳ ಪೂರ್ವಜವೆಂದು ಕರೆದರೆ ತಪ್ಪಾಗದು. 1901ರಲ್ಲಿ ಮಾರ್ಕೋನಿಯವರು ಅಟ್ಲಾಂಟಿಕ್ ಸಾಗರದ ಆಚೆಗೆ ಸಂಕೇತವನ್ನು ಕಳುಹಿಸಿದರು. 1935ರಲ್ಲಿ ಮೈಸೂರಿನಲ್ಲಿ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರವನ್ನು ಆರಂಭಿಸಿದರು. ಆ ಕೇಂದ್ರಕ್ಕೆ ಇಟ್ಟ ‘ಆಕಾಶವಾಣಿ’ ಎಂಬ ಹೆಸರೇ ಮುಂದೆ ದೇಶದ ಬಾನುಲಿಗೆಲ್ಲ ಹೆಸರಾಯಿತು.

ಈಗ ಈ ವ್ಯವಸ್ಥೆಯು ಹೇಗೆ ಕೆಲಸ ಮಾಡುತ್ತದೆಂಬುದನ್ನು ನೋಡೋಣ. ಮೂಡಲಗಿಯ ಪೇಟೆಯಲ್ಲಿ ಒಂದು ಸಹಕಾರಿ ಪತ್ತಿನ ಸಂಘವಿದೆ ಎಂದುಕೊಳ್ಳೋಣ. ಅದರ ಬಾಗಿಲಿನ ಚೌಕಟ್ಟಿನಲ್ಲಿ ಒಂದು ಪುಟ್ಟ ಸ್ವಿಚ್ಚು, ಬಾಗಿಲಿನಲ್ಲಿ ಒಂದು ಪುಟ್ಟ ಅಯಸ್ಕಾಂತ. ಬಾಗಿಲು ಸರಿದರೆ ಅಯಸ್ಕಾಂತ ದೂರವಾಗಿ ಸ್ವಿಚ್ಚು ಬಿಡುತ್ತದೆ. ಕೋಣೆಯ ಮೂಲೆಯಲ್ಲಿ ಮನುಷ್ಯನ ಮೈಶಾಖದ ಚಲನೆಯನ್ನು ಗುರುತಿಸುವ ಕಣ್ಣೊಂದಿದೆ. ತಿಜೋರಿಗೆ ಬಡಿತವನ್ನು ಅರಿಯುವ ಸಾಧನವಿದೆ. ಇವೆಲ್ಲ ತಮ್ಮ ಸುದ್ದಿಯನ್ನು ಒಂದು ಪೆಟ್ಟಿಗೆಗೆ ತಲುಪಿಸುತ್ತವೆ. ಅದು ಈ ಕಾವಲಿನ ಮೆದುಳು. ಪೆಟ್ಟಿಗೆಯೊಳಗೆ ಬ್ಯಾಟರಿಯಿದೆ, ಬೀದಿಯ ವಿದ್ಯುತ್ತು ಹೋದರೂ ಅದು ಕೆಲವು ಗಂಟೆಗಳ ಕಾಲ ಜೀವ ಹಿಡಿದಿರುತ್ತದೆ. ಪೆಟ್ಟಿಗೆಯಿಂದ ಹೊರಗೆ ಎರಡು ದಾರಿಗಳಿವೆ. ಒಂದು ದೂರವಾಣಿಯ ಅಥವಾ ಅಂತರಜಾಲದ ತಂತಿ; ಇನ್ನೊಂದು ರೇಡಿಯೊ ಪ್ರೇಷಕ. ಕಳ್ಳನು ಹೊರಗಿನ ತಂತಿಯನ್ನು ಕತ್ತರಿಸಿದ ಕ್ಷಣವೇ ಪೆಟ್ಟಿಗೆಯು ಅದನ್ನು ಅರಿತು, ರೇಡಿಯೊ ಮೂಲಕ ಕಾವಲು ಕೇಂದ್ರಕ್ಕೆ ಸಂಕೇತವನ್ನು ಕಳುಹಿಸುತ್ತದೆ. ತಂತಿ ಕಡಿದು ತಾನು ಗೆದ್ದೆನೆಂದು ಕಳ್ಳನು ತಿಳಿಯುವ ಹೊತ್ತಿಗೆ, ಅವನು ಬಂದ ಸುದ್ದಿ ಗಾಳಿಗಿಂತ ವೇಗವಾಗಿ ಊರನ್ನು ದಾಟಿರುತ್ತದೆ. ರೇಡಿಯೊ ತರಂಗವು ಒಂದು ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್ ವೇಗದಲ್ಲಿ ಚಲಿಸುತ್ತದಲ್ಲವೆ?

ಆದರೆ ‘ನೀನು ಚಾಪೆಯ ಕೆಳಗೆ ತೂರಿದರೆ ನಾನು ರಂಗೋಲಿಯ ಕೆಳಗೆ ತೂರುವೆ’ ಎಂಬ ಗಾದೆಯಿದೆ. ಕಳ್ಳನು ತಂತಿಯನ್ನು ಬಿಟ್ಟು ಪೆಟ್ಟಿಗೆಯನ್ನೇ ಒಡೆದುಹಾಕಿದರೆ? ರೇಡಿಯೊದ ದನಿಯನ್ನು ಬೇರೊಂದು ಗದ್ದಲದ ತರಂಗದಿಂದ ಮುಳುಗಿಸಿದರೆ? ಇಲ್ಲಿಯೇ ಹಳೆಯ ಗಸ್ತಿನವನ ಕೂಗು ನೆರವಿಗೆ ಬರುತ್ತದೆ. ಒಳ್ಳೆಯ ವ್ಯವಸ್ಥೆಯಲ್ಲಿ ಪೆಟ್ಟಿಗೆಯು ಅಪಾಯ ಬಂದಾಗ ಮಾತ್ರ ಮಾತನಾಡುವುದಿಲ್ಲ. ನಿಯತವಾದ ಅಂತರದಲ್ಲಿ, ‘ಇದ್ದೇನೆ, ಕ್ಷೇಮವಾಗಿದ್ದೇನೆ’ ಎಂದು ಕೇಂದ್ರಕ್ಕೆ ಹೇಳುತ್ತಲೇ ಇರುತ್ತದೆ. ಕೇಂದ್ರವು ಆ ಕೂಗನ್ನು ಎಣಿಸುತ್ತಿರುತ್ತದೆ. ಬರಬೇಕಾದ ಹೊತ್ತಿಗೆ ಕೂಗು ಬಾರದಿದ್ದರೆ ಆ ಮೌನವನ್ನೇ ಎಚ್ಚರಿಕೆಯೆಂದು ಪರಿಗಣಿಸುತ್ತದೆ.

ಕೂಗುಗಳ ನಡುವಿನ ಅಂತರವೂ ಮುಖ್ಯವಾದುದೇ. ಪೆಟ್ಟಿಗೆಯು ದಿನಕ್ಕೊಮ್ಮೆ, ರಾತ್ರಿ ಹತ್ತು ಗಂಟೆಗೆ, ಕೂಗುತ್ತದೆಂದು ಭಾವಿಸೋಣ. ಹತ್ತೂವರೆಗೆ ಯಾರಾದರೂ ಅದನ್ನು ಒಡೆದರೆ ಮರುದಿನ ರಾತ್ರಿ ಹತ್ತರವರೆಗೆ ಕೇಂದ್ರಕ್ಕೆ ಏನೂ ತಿಳಿಯುವುದಿಲ್ಲ. ಕಳ್ಳನಿಗೆ ಇಪ್ಪತ್ತಮೂರೂವರೆ ಗಂಟೆಗಳ ಅವಕಾಶ ದೊರೆಯುತ್ತದೆ. ಅದೇ ಪೆಟ್ಟಿಗೆಯು ಐದು ನಿಮಿಷಗಳಿಗೊಮ್ಮೆ, ಎಂದರೆ ದಿನಕ್ಕೆ 288 ಸಲ, ಕೂಗಿದರೆ ಅವನಿಗೆ ಐದು ನಿಮಿಷಗಳಿಗಿಂತ ಹೆಚ್ಚು ಕಾಲ ಸಿಗುವುದಿಲ್ಲ. ಐದು ನಿಮಿಷಗಳಲ್ಲಿ ತಿಜೋರಿಯನ್ನು ಒಡೆಯುವುದು ಸುಲಭವಲ್ಲ. ಕಾವಲಿನ ಬೆಲೆಯು ಗಂಟೆಯ ಗಟ್ಟಿತನದಲ್ಲಿಲ್ಲ. ಮೌನವನ್ನು ಎಷ್ಟು ಬೇಗ ಗುರುತಿಸುತ್ತದೆ ಎಂಬುದರಲ್ಲಿದೆ. ಎಚ್ಚರಿಕೆಯ ವ್ಯವಸ್ಥೆಯನ್ನು ಕೊಳ್ಳುವವರು ಮೊದಲು ಕೇಳಬೇಕಾದ ಪ್ರಶ್ನೆಯೂ ಇದೇ.

ರೇಡಿಯೊ ದಾರಿಯಲ್ಲಿ ಮುಖ್ಯವಾಗಿ ಮೂರು ಬಗೆಗಳಿವೆ. ಮೊದಲನೆಯದು ಮೊಬೈಲ್ ದೂರವಾಣಿಯ ಜಾಲವನ್ನೇ ಬಳಸುವುದು. ಪೆಟ್ಟಿಗೆಯೊಳಗೆ ಒಂದು ಸಿಮ್ ಇರುತ್ತದೆ; ಅದು ಕೇಂದ್ರಕ್ಕೂ ಯಜಮಾನನ ಫೋನಿಗೂ ಸಂದೇಶ ಕಳುಹಿಸುತ್ತದೆ. ಸಣ್ಣ ಅಂಗಡಿಗಳಿಗೂ ಮನೆಗಳಿಗೂ ಇದು ಸುಲಭವಾದುದು. ಎರಡನೆಯದು, ಕಾವಲು ಸಂಸ್ಥೆಯು ತನ್ನದೇ ಪ್ರೇಷಕ ಮತ್ತು ಗ್ರಾಹಕಗಳನ್ನು ನಿಲ್ಲಿಸುವುದು. ರೇಡಿಯೊ ತರಂಗಗಳು ದೇಶದ ಸಾರ್ವಜನಿಕ ಸೊತ್ತು. ಅವುಗಳನ್ನು ಬಳಸಲು ಸಾಮಾನ್ಯವಾಗಿ ಸರ್ಕಾರದ ಪರವಾನಗಿ ಬೇಕು. ಆದರೆ 865ರಿಂದ 868 ಮೆಗಾಹರ್ಟ್ಸ್‌ವರೆಗಿನಂತಹ ಕೆಲವು ಪಟ್ಟಿಗಳನ್ನು ಕಡಿಮೆ ಶಕ್ತಿಯ ಸಾಧನಗಳಿಗಾಗಿ ಪರವಾನಗಿಯಿಲ್ಲದೆ ಬಳಸಲು ಬಿಡಲಾಗಿದೆ. ಮೂರನೆಯ ಬಗೆಯಲ್ಲಿ, ಒಂದೊಂದು ಕಟ್ಟಡದ ಪೆಟ್ಟಿಗೆಯೂ ನೆರೆಯ ಪೆಟ್ಟಿಗೆಯ ಸಂದೇಶವನ್ನು ಕೇಳಿ ಮುಂದಕ್ಕೆ ಸಾಗಿಸುತ್ತದೆ. ಒಂದು ಪೆಟ್ಟಿಗೆ ಕೆಟ್ಟರೆ ಸಂದೇಶವು ಬೇರೊಂದು ಮನೆಯ ಮೇಲಿಂದ ಹಾದು ಹೋಗುತ್ತದೆ. ನೆರೆಹೊರೆಯವರು ಕೈಯಿಂದ ಕೈಗೆ ಕೊಡ ದಾಟಿಸಿ ಬೆಂಕಿ ಆರಿಸುವ ಹಾಗೆ ಇದು.

ಈ ತರಂಗಗಳಿಗೂ ನೆಲದ ಗುಣ ಕಾಡುತ್ತದೆ. ಇಂತಹ ಹೆಚ್ಚಿನ ಆವೃತ್ತಿಯ ತರಂಗಗಳು ಬಹುಮಟ್ಟಿಗೆ ನೇರವಾಗಿ ಸಾಗುತ್ತವೆ. ಗುಡ್ಡ ಅಡ್ಡ ಬಂದರೆ ಕುಂದುತ್ತವೆ. ಗೋಕಾಕದ ಸುತ್ತ ಮರಳುಗಲ್ಲಿನ ಗುಡ್ಡಗಳಿವೆ. ಗುಡ್ಡದ ಮೇಲೆ ನಿಲ್ಲಿಸಿದ ಗ್ರಾಹಕಕ್ಕೆ ಬಯಲಿನ ದನಿ ಸುಲಭವಾಗಿ ಕೇಳಿಸುತ್ತದೆ; ಗುಡ್ಡದ ಮರೆಯ ಮನೆಯ ದನಿ ಅಷ್ಟು ಸುಲಭವಾಗಿ ಕೇಳಿಸದು. ಆದಕಾರಣ ಯಂತ್ರವನ್ನು ಗೋಡೆಗೆ ತೂಗುಹಾಕುವ ಮೊದಲು ಆ ಸ್ಥಳದಲ್ಲಿ ಸಂಕೇತ ಎಷ್ಟು ಬಲವಾಗಿದೆ ಎಂದು ಅಳೆದು ನೋಡುವುದು ಅವಶ್ಯಕ.

ಎರಡು ದಾರಿಗಳಿವೆ ಎಂದ ಮಾತ್ರಕ್ಕೆ ನಿಶ್ಚಿಂತೆಯಿಂದ ಇರುವಂತಿಲ್ಲ. 2019ರ ಆಗಸ್ಟ್ ತಿಂಗಳಿನಲ್ಲಿ ಘಟಪ್ರಭಾ, ಹಿರಣ್ಯಕೇಶಿ ಮತ್ತು ಮಾರ್ಕಂಡೇಯ ನದಿಗಳು ಒಮ್ಮೆಲೇ ಉಕ್ಕಿ ಹರಿದವು. ಗೋಕಾಕ ಪಟ್ಟಣದೊಳಗೆ ನೀರು ನುಗ್ಗಿತು. ಪಟ್ಟಣದ ಬಳಿಯ ಲೋಳಸೂರ ಸೇತುವೆ ಮುಳುಗಿತು. ಹುಕ್ಕೇರಿ ತಾಲ್ಲೂಕಿನ ಸಂಕೇಶ್ವರಕ್ಕೂ ಹೊಳೆ ಹೊಕ್ಕಿತು. ಜನರು ಮನೆಗೆ ಬೀಗ ಹಾಕಿ, ಕೆಲವರು ಬೀಗ ಹಾಕಲೂ ಸಮಯವಿಲ್ಲದೆ, ಪರಿಹಾರ ಕೇಂದ್ರಗಳನ್ನು ಸೇರಿದರು. ಅಂಗಡಿಗಳು ಕಾಯುವವರಿಲ್ಲದೆ ನಿಂತವು. ಕಾವಲು ಅತ್ಯಂತ ಅಗತ್ಯವಾದ ದಿನಗಳೆಂದರೆ ಅವೇ. ಅಂತಹ ದಿನಗಳಲ್ಲಿ ನೀರು ನಿಂತ ಬಡಾವಣೆಗಳ ವಿದ್ಯುತ್ತನ್ನು ಜನರ ಪ್ರಾಣರಕ್ಷಣೆಗಾಗಿ ನಿಲ್ಲಿಸಲೇಬೇಕಾಗುತ್ತದೆ. ಆಗ ದೂರವಾಣಿಯ ಕಂಬವಾಗಲಿ ಮೊಬೈಲ್ ಗೋಪುರವಾಗಲಿ ಬ್ಯಾಟರಿಯ ಬಲದ ಮೇಲೆ ಎಷ್ಟು ಹೊತ್ತು ನಿಂತೀತು?

ಇಲ್ಲಿ ಒಂದು ಮುಖ್ಯವಾದ ಪಾಠವಿದೆ. ತಂತಿಯೂ ರೇಡಿಯೊವೂ ಒಂದೇ ವಿದ್ಯುತ್ ಕಂಬದಿಂದ ಅನ್ನ ಉಣ್ಣುತ್ತಿದ್ದರೆ ಅವು ಎರಡು ದಾರಿಗಳಲ್ಲ. ಎರಡಾಗಿ ಕಾಣುವ ಒಂದೇ ದಾರಿ. ಒಂದು ಹೊಳೆಗೆ ಅಕ್ಕಪಕ್ಕದಲ್ಲಿ ಸಮ ಎತ್ತರದ ಎರಡು ಸೇತುವೆಗಳನ್ನು ಕಟ್ಟಿದರೆ ನೆರೆ ಬಂದಾಗ ಎರಡೂ ಮುಳುಗುತ್ತವೆ. ಆದುದರಿಂದ ಎರಡನೆಯ ದಾರಿಯು ಮೊದಲನೆಯದರ ದೌರ್ಬಲ್ಯವನ್ನು ಹಂಚಿಕೊಳ್ಳಬಾರದು. ಅದಕ್ಕೆ ಬೇರೆಯ ವಿದ್ಯುತ್ ಮೂಲ ಬೇಕು, ಬೇರೆಯ ಎತ್ತರ ಬೇಕು, ಸಾಧ್ಯವಾದರೆ ಬೇರೆಯ ಜಾಲವೂ ಬೇಕು. ಪೊಲೀಸ್ ಇಲಾಖೆಯು, ಊರೆಲ್ಲ ಮೊಬೈಲ್ ಫೋನು ಹಿಡಿದಿರುವ ಈ ಕಾಲದಲ್ಲಿಯೂ, ತನ್ನದೇ ನಿಸ್ತಂತು ಜಾಲವನ್ನು ಕೈಬಿಡದೆ ಇರುವುದಕ್ಕೆ ಇದೂ ಒಂದು ಕಾರಣ.

ಕಾಲವೂ ಯಂತ್ರವನ್ನು ಮೂಕಗೊಳಿಸಬಲ್ಲದು. ಅಮೆರಿಕದಲ್ಲಿ ಸಾವಿರಾರು ಎಚ್ಚರಿಕೆ ಪೆಟ್ಟಿಗೆಗಳು ಅನಲಾಗ್ ಎಂಬ ಹಳೆಯ ಬಗೆಯ ಮೊಬೈಲ್ ಜಾಲವನ್ನು ನಂಬಿಕೊಂಡಿದ್ದವು. 2008ರ ಫೆಬ್ರುವರಿಯಲ್ಲಿ ಅಲ್ಲಿಯ ದೊಡ್ಡ ಕಂಪನಿಗಳು ಆ ಜಾಲವನ್ನು ಮುಚ್ಚತೊಡಗಿದವು. ಬದಲಾಯಿಸದೆ ಉಳಿದ ಪೆಟ್ಟಿಗೆಗಳು ಗೋಡೆಯ ಮೇಲೆ ಮೊದಲಿನಂತೆಯೇ ಇದ್ದವು. ಆದರೆ ಅವುಗಳ ರೇಡಿಯೊ ದನಿ ಉಡುಗಿಹೋಗಿತ್ತು. ನಮ್ಮಲ್ಲಿಯೂ ಮೊಬೈಲ್ ಜಾಲಗಳು ತಲೆಮಾರಿನಿಂದ ತಲೆಮಾರಿಗೆ ಬದಲಾಗುತ್ತಿವೆ. ಸಿಮ್‌ಗೆ ಹಣ ತುಂಬದಿದ್ದರೆ ಕೂಗು ನಿಲ್ಲುತ್ತದೆ. ಬ್ಯಾಟರಿ ಮುದಿಯಾದರೆ ವಿದ್ಯುತ್ತು ಹೋದ ರಾತ್ರಿಯೇ ಕೈಕೊಡುತ್ತದೆ. ತಿಂಗಳಿಗೊಮ್ಮೆಯಾದರೂ ಕೇಂದ್ರಕ್ಕೆ ಮೊದಲೇ ತಿಳಿಸಿ, ತಂತಿಯನ್ನು ತಾವೇ ಕಳಚಿ, ಸಂಕೇತವು ರೇಡಿಯೊ ದಾರಿಯಿಂದ ಮುಟ್ಟುವುದೇ ಎಂದು ಪರೀಕ್ಷಿಸಿ ನೋಡಬೇಕು. ‘ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು’ ಎಂಬ ಗಾದೆಯು ಪರೀಕ್ಷಿಸದೆ ನಂಬಿದವರನ್ನು ಕುರಿತದ್ದೇ ಆಗಿದೆ.

ಇಷ್ಟೆಲ್ಲ ಆದ ಮೇಲೂ ಉಳಿಯುವವನು ಮನುಷ್ಯ. ಗಂಟೆಯು ಕಳ್ಳನನ್ನು ಹಿಡಿಯುವುದಿಲ್ಲ. ರೇಡಿಯೊ ತರಂಗಕ್ಕೆ ಕೈಕಾಲುಗಳಿಲ್ಲ. ಸಂಕೇತವನ್ನು ಕೇಳುವ ಕೇಂದ್ರದಲ್ಲಿ ಎಚ್ಚರವಾಗಿರುವವನೊಬ್ಬ ಬೇಕು. ಅವನು 112ಕ್ಕೆ ಕರೆ ಮಾಡಬೇಕು, ಪೊಲೀಸರು ಹೊರಡಬೇಕು, ನೆರೆಯವರು ದೀಪ ಹಾಕಿ ಹೊರಗೆ ಬರಬೇಕು. ಈ ಸರಪಳಿಯಲ್ಲಿ ಒಂದು ಕೊಂಡಿ ಸಡಿಲವಾದರೂ ಉಳಿದ ಕೊಂಡಿಗಳ ಬಲ ವ್ಯರ್ಥ. ಬೇಲಿಯೇ ಎದ್ದು ಹೊಲ ಮೇಯುವಂತೆ, ಒಳಗಿನವರೇ ಗುಟ್ಟಿನ ಸಂಖ್ಯೆಯನ್ನು ಹೊರಗೆ ಕೊಟ್ಟರೆ ಯಾವ ಯಂತ್ರವೂ ಕಾಯಲಾರದು. ನಂಬಿಕೆಯನ್ನು ತಂತಿಯಿಂದಲೂ ಕಟ್ಟಲಾಗದು, ತರಂಗದಿಂದಲೂ ಕಟ್ಟಲಾಗದು.

ವಿಜ್ಞಾನವು ಹಳೆಯದನ್ನೆಲ್ಲ ಅಳಿಸಿ ಹೊಸದನ್ನು ತರುತ್ತದೆ ಎಂಬುದು ರೂಢಿಯ ಮಾತು. ಆದರೆ ಇಲ್ಲಿ ಅದು ಮಾಡಿದ್ದು ಬೇರೆ. ಓಣಿಯ ತಿರುವಿನಲ್ಲಿ ಕೋಲು ಕುಟ್ಟಿ ಕೂಗುತ್ತಿದ್ದವನ ಜಾಣ್ಮೆಯನ್ನು ಎತ್ತಿಕೊಂಡು, ಅದಕ್ಕೆ ದಣಿಯದ ಗಂಟಲನ್ನೂ ಗೋಡೆ ದಾಟುವ ದನಿಯನ್ನೂ ಕೊಟ್ಟಿತು. ಕೂಗುವವನು ಎಷ್ಟು ಮುಖ್ಯವೋ, ಕೂಗು ನಿಂತುದನ್ನು ಗಮನಿಸುವವನೂ ಅಷ್ಟೇ ಮುಖ್ಯ. ಈ ಮಾತು ಯಂತ್ರಗಳಿಗೆ ಮಾತ್ರ ಸಲ್ಲುವುದಲ್ಲ. ದಿನವೂ ಜಗಲಿಯ ಮೇಲೆ ಕಾಣುವ ನೆರೆಮನೆಯ ಅಜ್ಜಿ ಒಂದು ದಿನ ಕಾಣದಿದ್ದರೆ, ದಿನವೂ ಶಾಲೆಗೆ ಬರುವ ಗೆಳೆಯ ಎರಡು ದಿನ ಬಾರದಿದ್ದರೆ, ಆ ಮೌನವನ್ನು ಕೇಳಿಸಿಕೊಂಡು ಅವರ ಬಾಗಿಲಿಗೆ ಹೋಗಿ ವಿಚಾರಿಸುವವರು ಇರುವ ಊರೇ ನಿಜವಾಗಿ ಕಾವಲಿರುವ ಊರು.

ಪದಗಳ ಅರ್ಥ

ಅಗಳಿ – ಬಾಗಿಲನ್ನು ಭದ್ರಪಡಿಸುವ ಅಡ್ಡಮರ
ಗಸ್ತು – ಕಾವಲಿಗಾಗಿ ಸುತ್ತುವುದು
ವಿದ್ಯುತ್ಕಾಂತ – ವಿದ್ಯುತ್ತು ಹರಿದಾಗ ಮಾತ್ರ ಸೆಳೆಯುವ ಗುಣ ಪಡೆಯುವ ಕಾಂತ
ನಿಸ್ತಂತು – ತಂತಿಯಿಲ್ಲದ
ಪ್ರೇಷಕ – ಸಂದೇಶವನ್ನು ಕಳುಹಿಸುವ ಸಾಧನ
ಗ್ರಾಹಕ – ಸಂದೇಶವನ್ನು ಪಡೆಯುವ ಸಾಧನ
ಬೋರಮಾಳ – ಚಿನ್ನದ ಗುಂಡುಗಳ ಕೊರಳ ಸರ
ದಿಡ್ಡಿ ಬಾಗಿಲು – ಕೋಟೆಯ ಚಿಕ್ಕ ಬಾಗಿಲು

ಅಭ್ಯಾಸ

ಅ. ಈ ಪ್ರಶ್ನೆಗಳಿಗೆ ಒಂದೊಂದು ವಾಕ್ಯದಲ್ಲಿ ಉತ್ತರಿಸಿರಿ.
1. ವಿದ್ಯುತ್ತಿನಿಂದ ಬಾರಿಸುವ ಎಚ್ಚರಿಕೆ ಗಂಟೆಗೆ 1853ರಲ್ಲಿ ಹಕ್ಕುಪತ್ರ ಪಡೆದವರು ಯಾರು?
2. ಜಗದೀಶಚಂದ್ರ ಬೋಸರು ತಂತಿಯಿಲ್ಲದೆ ಏನನ್ನು ಬಾರಿಸಿ ತೋರಿಸಿದರು?
3. ಐದು ನಿಮಿಷಗಳಿಗೊಮ್ಮೆ ಕೂಗುವ ಪೆಟ್ಟಿಗೆಯು ದಿನಕ್ಕೆ ಎಷ್ಟು ಸಲ ಕೂಗುತ್ತದೆ?

ಆ. ಈ ಪ್ರಶ್ನೆಗಳಿಗೆ ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿರಿ.
1. ಗಸ್ತಿನವನ ಕೂಗಿನಲ್ಲಿ ಅಡಗಿದ್ದ ಅರ್ಥಗಳು ಯಾವುವು?
2. ತಂತಿಯಲ್ಲಿ ಸದಾ ವಿದ್ಯುತ್ತು ಹರಿಯುವಂತೆ ಮಾಡಿದುದರಿಂದ ಆದ ಪ್ರಯೋಜನವೇನು? ಉಳಿದ ತೊಂದರೆ ಯಾವುದು?
3. ಎರಡನೆಯ ದಾರಿಯು ಮೊದಲನೆಯದರ ದೌರ್ಬಲ್ಯವನ್ನು ಏಕೆ ಹಂಚಿಕೊಳ್ಳಬಾರದು? 2019ರ ನೆರೆಯನ್ನು ಆಧಾರವಾಗಿಟ್ಟುಕೊಂಡು ವಿವರಿಸಿರಿ.

ಇ. ಸಂದರ್ಭ ಸೂಚಿಸಿ ವಿವರಿಸಿರಿ.
1. ‘ಕೆಟ್ಟಾಗಲೂ ಕಾಯುವ ಯಂತ್ರವೇ ನಿಜವಾದ ಕಾವಲಿನ ಯಂತ್ರ.’
2. ‘ನಂಬಿಕೆಯನ್ನು ತಂತಿಯಿಂದಲೂ ಕಟ್ಟಲಾಗದು, ತರಂಗದಿಂದಲೂ ಕಟ್ಟಲಾಗದು.’

ಈ. ಈ ಪದಗಳನ್ನು ಬಿಡಿಸಿ ಬರೆದು ಸಂಧಿಯನ್ನು ಹೆಸರಿಸಿರಿ.
ಊರಿಗೊಬ್ಬ, ಮಳೆಗಾಲ, ನದಿಯು

ಉ. ಮಾಡಿ ನೋಡಿರಿ.
ನಿಮ್ಮ ಊರಿನಲ್ಲಿ ಹಿಂದೆ ರಾತ್ರಿಯ ಕಾವಲು ಹೇಗೆ ನಡೆಯುತ್ತಿತ್ತೆಂಬುದನ್ನು ಹಿರಿಯರಿಂದ ಕೇಳಿ ತಿಳಿದು ಒಂದು ಪುಟದಷ್ಟು ಬರೆಯಿರಿ.